ಭಿನ್ನಮತದ ಕಾವಲಿನಲ್ಲಿ ಐವತ್ತು ವರ್ಷಗಳು

1976ನೆಯ ಇಸವಿಯ ಅಕ್ಟೋಬರ್ 17ರಂದು, ಸೆನ್ಸಾರ್ ಅಧಿಕಾರಿಯ ಒಪ್ಪಿಗೆಯಿಲ್ಲದೆ ರಾಜಕೀಯ ವಾರ್ತೆಯೊಂದನ್ನೂ ಅಚ್ಚು ಮಾಡಲಾಗದ ಸ್ಥಿತಿಯಲ್ಲಿ ದೇಶದ ಪತ್ರಿಕೆಗಳಿದ್ದಾಗ, ವಿರೋಧಪಕ್ಷಗಳ ಮುಖಂಡರೊಡನೆ ಸಹಸ್ರಾವಧಿ ಸಾಮಾನ್ಯ ಕಾರ್ಯಕರ್ತರೂ ವಿಚಾರಣೆಯಿಲ್ಲದೆ ಸೆರೆಮನೆಗಳಲ್ಲಿ ದಿನ ನೂಕುತ್ತಿದ್ದಾಗ, ಹೊಸದಿಲ್ಲಿಯಲ್ಲಿ ನೆರೆದ ವಿಚಾರಗೋಷ್ಠಿಯೊಂದನ್ನು ತೊಂಬತ್ತರ ಸಮೀಪದಲ್ಲಿದ್ದ ಆಚಾರ್ಯ ಜೆ. ಬಿ. ಕೃಪಲಾನಿಯವರು ಉದ್ಘಾಟಿಸಿದರು. ಜಯಪ್ರಕಾಶ ನಾರಾಯಣರ ಸಂಕಲ್ಪದಿಂದ ಸೇರಿದ ಆ ಗೋಷ್ಠಿಯಿಂದಲೇ, ಇಂದು ಪಿ.ಯು.ಸಿ.ಎಲ್. ಎಂದು ಜನರ ಬಾಯಲ್ಲಿ ಪ್ರಚುರವಾಗಿರುವ ‘ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್’ ಸಂಸ್ಥೆ ಉದಯಿಸಿತು. ಅದಕ್ಕೀಗ ಸುವರ್ಣ ಮಹೋತ್ಸವದ ವರ್ಷ.

ಇಂತಹ ಸಂದರ್ಭದ ಸ್ಮರಣ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಶಂಕುಸ್ಥಾಪನೆಯ ಚಿತ್ರಗಳೂ, ದಾನಿಗಳ ನಾಮಾವಳಿಯೂ, ಸಭಾಭವನದ ಅಳತೆಗಳೂ ಮೊದಲ ಪುಟಗಳನ್ನು ಅಲಂಕರಿಸುವುದು ವಾಡಿಕೆ. ಆದರೆ ಸರಕಾರದಿಂದಾಗಲಿ, ದೇಶೀಯ ಅಥವಾ ವಿದೇಶೀಯ ನಿಧಿಸಂಸ್ಥೆಗಳಿಂದಾಗಲಿ ಧನಸಹಾಯ ಸ್ವೀಕರಿಸದೆ, ಸದಸ್ಯರ ವಂತಿಗೆಯಿಂದಲೇ ನಡೆದುಬಂದ ಈ ಸಂಸ್ಥೆಯ ಚರಿತ್ರೆಯಲ್ಲಿ ಕಟ್ಟಡಗಳ ಪ್ರಸ್ತಾಪ ಬರುವುದಾದರೆ ಅವು ಬಹುಮಟ್ಟಿಗೆ ಸೆರೆಮನೆಗಳು ಮತ್ತು ನ್ಯಾಯಾಲಯಗಳು. ಅವುಗಳಲ್ಲೊಂದು ನಮ್ಮ ಬೆಂಗಳೂರಿನಲ್ಲಿಯೇ ಇದ್ದಿತು.

ಪೂರ್ವಪೀಠಿಕೆ: 1908–1975

ಪ್ರಭುತ್ವವು ಲೇಖನಿಗೆ ಅಂಜುವುದೂ, ಅಂಜಿ ಅದನ್ನು ಕಟ್ಟಿಹಾಕಲು ಹವಣಿಸುವುದೂ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ 1908ರಲ್ಲಿ ವೃತ್ತಪತ್ರಿಕೆಗಳ ಮೇಲೆ ನಿರ್ಬಂಧಶಾಸನ ಜಾರಿಗೆ ಬಂದಾಗ ‘ತಾತಯ್ಯ’ ಎಂದು ಪೂಜ್ಯರಾಗಿದ್ದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದ ವೃತ್ತಾಂತವನ್ನು ಕನ್ನಡ ಪತ್ರಿಕೋದ್ಯಮ ಮರೆಯಲಾಗದು. ಅಖಿಲ ಭಾರತ ಮಟ್ಟದಲ್ಲಿ ಇಂತಹ ದಬ್ಬಾಳಿಕೆಯನ್ನು ಎದುರಿಸಲು ಪ್ರತ್ಯೇಕ ಸಂಸ್ಥೆಯೊಂದು ಬೇಕೆಂಬ ವಿಚಾರವು 1936ರಲ್ಲಿ ಮೂರ್ತರೂಪ ತಾಳಿತು. ಜವಾಹರಲಾಲ ನೆಹರೂರವರ ಪ್ರೇರಣೆಯಿಂದ, ರವೀಂದ್ರನಾಥ ಠಾಕೂರರ ಗೌರವಾಧ್ಯಕ್ಷತೆಯಲ್ಲಿ, ಸರೋಜಿನಿ ನಾಯಿಡು ಅವರು ಅಧ್ಯಕ್ಷೆಯಾಗಿ ‘ಇಂಡಿಯನ್ ಸಿವಿಲ್ ಲಿಬರ್ಟೀಸ್ ಯೂನಿಯನ್’ ಮುಂಬಯಿಯಲ್ಲಿ ಸ್ಥಾಪಿತವಾಯಿತು. ಆದರೆ ಅದನ್ನು ಕಟ್ಟಿದವರೇ ಮುಂದೆ ಅಧಿಕಾರಪೀಠಗಳನ್ನೇರಿದಾಗ ಆ ಸಂಸ್ಥೆ ಕ್ರಮೇಣ ಕ್ಷೀಣಿಸಿ ಕಣ್ಮರೆಯಾಯಿತು. ಸ್ವತಂತ್ರ ಭಾರತವು ತನ್ನ ಗಣರಾಜ್ಯದ ಮೊದಲ ವರ್ಷದಲ್ಲಿಯೇ, ಎಂದರೆ 1950ರಲ್ಲಿ, ಮುನ್ನೆಚ್ಚರಿಕೆ ಬಂಧನದ ಶಾಸನವನ್ನು ಅಂಗೀಕರಿಸಿತು. 1971ರಲ್ಲಿ ‘ಮೀಸಾ’ ಎಂಬ ಆಂತರಿಕ ಭದ್ರತಾ ನಿರ್ವಹಣಾ ಶಾಸನ ಬಂದಿತು. ವಸಾಹತು ಕಾಲದ ರಾಜದ್ರೋಹದ ಕಲಮು ದಂಡಸಂಹಿತೆಯಲ್ಲಿ ಹಾಗೆಯೇ ಉಳಿಯಿತು. ಇವನ್ನೆಲ್ಲ ಕಾಯುತ್ತ ಕುಳಿತು ಪ್ರಶ್ನಿಸುವ ಸಂಸ್ಥೆಯೊಂದೂ ದೇಶವ್ಯಾಪಿಯಾಗಿ ಉಳಿದಿರಲಿಲ್ಲವೆಂಬುದನ್ನು ನೆನೆದರೆ, 1975ರ ಆಘಾತ ಅಷ್ಟು ಸುಲಭವಾಗಿ ಹೇಗೆ ಸಂಭವಿಸಿತೆಂಬುದು ಅರ್ಥವಾದೀತು.

ಸೆರೆಮನೆಯ ನೆರಳಿನಲ್ಲಿ ಜನನ: 1975–1977

1975ರ ಜೂನ್ 25ರ ರಾತ್ರಿ ಆಂತರಿಕ ತುರ್ತು ಪರಿಸ್ಥಿತಿಯ ಘೋಷಣೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ದಿಲ್ಲಿಯ ಬಹಾದೂರ್ ಶಾ ಜಫರ್ ಮಾರ್ಗದಲ್ಲಿ ಸಾಲಾಗಿದ್ದ ಪತ್ರಿಕಾಲಯಗಳಿಗೆ ಅದೇ ರಾತ್ರಿ ವಿದ್ಯುತ್ ಸರಬರಾಜು ನಿಂತುಹೋಯಿತು. ಬೆಳಗಾಗುವಷ್ಟರಲ್ಲಿ ಏನು ನಡೆಯಿತೆಂಬುದನ್ನು ಓದಿ ತಿಳಿಯುವ ಅವಕಾಶ ರಾಜಧಾನಿಯ ಬಹುಪಾಲು ಓದುಗರಿಗೆ ಇಲ್ಲವಾಯಿತು. ಗಾಂಧಿ ಶಾಂತಿ ಪ್ರತಿಷ್ಠಾನದ ಕಟ್ಟಡದಲ್ಲಿ ಮಲಗಿದ್ದ ಜಯಪ್ರಕಾಶರನ್ನು 26ರ ನಸುಕಿಗೆ ಮುನ್ನವೇ ಎಬ್ಬಿಸಿ ಬಂಧಿಸಲಾಯಿತು. ಸಂಸದೀಯ ಸಮಿತಿಯ ಕಾರ್ಯಾರ್ಥವಾಗಿ ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲಕೃಷ್ಣ ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇವರುಗಳು ಅದೇ ದಿನ ಬಂಧಿತರಾಗಿ ಇಲ್ಲಿನ ಕೇಂದ್ರ ಕಾರಾಗೃಹವನ್ನು ಸೇರಿದರು. ತುರ್ತು ಪರಿಸ್ಥಿತಿಯ ಅತಿರೇಕಗಳ ವಿಚಾರಣೆಗೆ ನೇಮಿತವಾದ ಷಾ ಆಯೋಗವು ಅನಂತರ ಲೆಕ್ಕಹಾಕಿದಂತೆ ಮೀಸಾ ಒಂದರಡಿಯಲ್ಲಿಯೇ ದೇಶಾದ್ಯಂತ 34,988 ಮಂದಿ ಸ್ಥಾನಬದ್ಧರಾದರು. ಭಾರತ ರಕ್ಷಣಾ ನಿಯಮಗಳನ್ವಯ ಹಿಡಿದವರನ್ನೂ ಕೂಡಿಸಿದರೆ ಆ ಸಂಖ್ಯೆ 1,10,000ವನ್ನು ಮೀರುತ್ತದೆ.

ಜೂನ್ 28ರಂದು ‘ಇಂಡಿಯನ್ ಎಕ್ಸ್‌ಪ್ರೆಸ್’ ಸಂಪಾದಕೀಯದ ಸ್ಥಳವನ್ನು ಬರಿದಾಗಿ ಬಿಟ್ಟಿತು. ಬರಿಯ ಬಿಳಿಯ ಜಾಗವೂ ಮಾತನಾಡಬಲ್ಲದೆಂದು ಅರಿತ ಸೆನ್ಸಾರ್ ಇಲಾಖೆ ಅದನ್ನೂ ನಿಷೇಧಿಸಿತು. ನಾಲ್ಕು ವಾರ್ತಾಸಂಸ್ಥೆಗಳನ್ನು ಬೆಸೆದು ‘ಸಮಾಚಾರ್’ ಎಂಬ ಒಂದನ್ನೇ ಮಾಡಲಾಯಿತು. ಪತ್ರಿಕಾ ಮಂಡಳಿ ರದ್ದಾಯಿತು. ‘ಆಕ್ಷೇಪಾರ್ಹ’ ವಿಷಯಗಳ ಪ್ರಕಟಣೆಯನ್ನು ತಡೆಯುವ ಶಾಸನವೂ ಹೊರಟಿತು.

ಈ ಸಂಸ್ಥೆಯ ಉಗಮವನ್ನು ಅರಿಯಬಯಸುವವರು ಇಲ್ಲಿ ಒಂದು ಸಣ್ಣ ಪತ್ರಿಕೆಯ ಕಥೆಯನ್ನು ಗಮನಿಸಬೇಕು. 1975ರ ಅಕ್ಟೋಬರ್ 12ರಂದು ಅಹಮದಾಬಾದಿನಲ್ಲಿ ನಾಗರಿಕ ಸ್ವಾತಂತ್ರ್ಯಗಳ ಸಮ್ಮೇಳನವೊಂದು ನಡೆಯಿತು, ಎಂ. ಸಿ. ಛಾಗ್ಲಾ, ಜೆ. ಸಿ. ಷಾ, ವಿ. ಎಂ. ತಾರ್ಕುಂಡೆ ಮೊದಲಾದ ನಿವೃತ್ತ ನ್ಯಾಯಾಧೀಶರು ಅಲ್ಲಿ ಮಾತನಾಡಿದರು. ಆ ಭಾಷಣಗಳ ವರದಿಯನ್ನು ಸರ್ವೋದಯದವರ ಗುಜರಾತಿ ಪತ್ರಿಕೆ ‘ಭೂಮಿಪುತ್ರ’ ಪ್ರಕಟಿಸಿದ್ದರಿಂದ ಅದರ ಮೇಲೆ ಕ್ರಮ ಜರುಗಿತು. ಸಂಪಾದಕರಾಗಿದ್ದ ಚುನೀಭಾಯಿ ವೈದ್ಯರು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಸೆನ್ಸಾರಿನ ಮಾರ್ಗದರ್ಶನ ಸೂತ್ರಗಳು ಕಾನೂನಿಗೆ ಹೊರಗಾದುವೆಂದು ನ್ಯಾಯಾಲಯ ತೀರ್ಪಿತ್ತಿತು. ಆ ತೀರ್ಪನ್ನು ಅಚ್ಚು ಮಾಡಲಿಕ್ಕೂ ಸೆನ್ಸಾರ್ ಅವಕಾಶ ಕೊಡಲಿಲ್ಲ. ಮುಂಬಯಿಯಲ್ಲಿ ಮಿನೂ ಮಸಾನಿಯವರ ‘ಫ್ರೀಡಂ ಫಸ್ಟ್’ ಪತ್ರಿಕೆಯೂ ಇದೇ ಬಗೆಯ ಮೊಕದ್ದಮೆ ಹೂಡಿ ಗೆದ್ದಿತು. ಭಾಷಣ ಮಾಡಿದವರು ನ್ಯಾಯಾಧೀಶರು, ಅಚ್ಚು ಮಾಡಿದವರು ಗಾಂಧೀಮಾರ್ಗದವರು, ಎತ್ತಿಹಿಡಿದದ್ದು ಉಚ್ಚ ನ್ಯಾಯಾಲಯ. ಆದರೂ ಮಾತು ಓದುಗನನ್ನು ತಲಪಲಿಲ್ಲ. ಬಿಡಿಬಿಡಿಯಾದ ಧೈರ್ಯ ಸಾಲದು, ಅದಕ್ಕೆ ಸಂಘಟನೆಯ ಬಲ ಬೇಕೆಂಬ ಪಾಠವನ್ನು ತಾರ್ಕುಂಡೆಯವರಂತಹವರು ಕಲಿತದ್ದು ಇಂತಹ ಅನುಭವಗಳಿಂದಲೇ.

ಬೆಂಗಳೂರಿನಲ್ಲಿ ಸ್ಥಾನಬದ್ಧರಾಗಿದ್ದ ಸಂಸದರ ಅರ್ಜಿಗಳನ್ನು ವಿಚಾರಣೆಗೆ ಅಂಗೀಕರಿಸಿದ ನಮ್ಮ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಡಿ. ಎಂ. ಚಂದ್ರಶೇಖರ್ ಅವರೂ ನ್ಯಾಯಮೂರ್ತಿ ಸದಾನಂದಸ್ವಾಮಿಯವರೂ 1976ರಲ್ಲಿ ಅಲಹಾಬಾದಿಗೂ ಗುವಾಹಟಿಗೂ ವರ್ಗವಾದರು. ತುರ್ತು ಪರಿಸ್ಥಿತಿಯಲ್ಲಿಯೂ ಬಂಧಿತನು ನ್ಯಾಯಾಲಯದ ಬಾಗಿಲು ತಟ್ಟಬಹುದೆಂದು ನಮ್ಮದೂ ಸೇರಿ ಒಂಬತ್ತು ಉಚ್ಚ ನ್ಯಾಯಾಲಯಗಳು ನುಡಿದಿದ್ದರೂ, 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು ಆ ಬಾಗಿಲನ್ನು ಮುಚ್ಚಿದರು, ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತವನ್ನು ಬರೆದರು, ಮುಂದೆ ಮುಖ್ಯ ನ್ಯಾಯಮೂರ್ತಿಯ ಪದವಿಯನ್ನು ಕಳೆದುಕೊಂಡರು. ಆ ತೀರ್ಪು ಬಂದ ಕೆಲವೇ ದಿನಗಳಲ್ಲಿ, ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರಿನಲ್ಲಿ ಹಿಡಿದು ಕೇಂದ್ರ ಕಾರಾಗೃಹದಲ್ಲಿಟ್ಟರು. ಉಬ್ಬಸದ ರೋಗಿಯಾಗಿದ್ದ ಆಕೆ ಎಂಟು ತಿಂಗಳು ಆ ಗೋಡೆಗಳ ನಡುವೆ ಉಸಿರಿಗಾಗಿ ಹೆಣಗಿ, 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಬಂದರು. ಚುನಾವಣೆ ನಡೆಯುವುದೆಂಬ ಘೋಷಣೆ 18ರಂದು ಹೊರಟಿತು. 20ರಂದು ಆಕೆ ತೀರಿಕೊಂಡರು. ಕನ್ನಡನಾಡಿನಲ್ಲಿ ಈ ಸಂಸ್ಥೆಯ ಅಗತ್ಯವನ್ನು ಯಾರಿಗಾದರೂ ವಿವರಿಸಬೇಕಾದಲ್ಲಿ ಈ ಮೂರು ತಾರೀಖುಗಳನ್ನು ಹೇಳಿದರೆ ಸಾಕೆಂದು ನನಗೆ ತೋರುತ್ತದೆ.

ಮೂತ್ರಪಿಂಡಗಳು ವಿಫಲವಾಗಿ 1975ರ ನವೆಂಬರಿನಲ್ಲಿ ಬಿಡುಗಡೆ ಹೊಂದಿದ್ದ ಜಯಪ್ರಕಾಶರು ಡಯಾಲಿಸಿಸಿನ ಯಂತ್ರಕ್ಕೆ ಅಧೀನರಾಗಿದ್ದುಕೊಂಡೇ, ಪಕ್ಷಭೇದವಿಲ್ಲದೆ ಸರ್ವರೂ ಸೇರಬಹುದಾದ ವೇದಿಕೆಯನ್ನು ಕಲ್ಪಿಸಿದರು. ಮುಂಬಯಿಯ ನ್ಯಾಯಾಧೀಶಪದವಿಯನ್ನು 1969ರಲ್ಲಿ ಸ್ವಇಚ್ಛೆಯಿಂದ ಬಿಟ್ಟು ವಕೀಲಿವೃತ್ತಿಗೆ ಮರಳಿದ್ದ, ಎಂ. ಎನ್. ರಾಯರ ಅನುಯಾಯಿ ತಾರ್ಕುಂಡೆಯವರು ಅಧ್ಯಕ್ಷರಾದರು. ಮುಂದೆ ಉಪರಾಷ್ಟ್ರಪತಿಗಳಾದ ಕೃಷ್ಣಕಾಂತರು ಪ್ರಧಾನ ಕಾರ್ಯದರ್ಶಿಗಳಾದರು. ನಾಗರಿಕ ಸ್ವಾತಂತ್ರ್ಯ, ಪ್ರಜಾಸತ್ತಾತ್ಮಕ ಹಕ್ಕು ಎರಡೂ ಆಗಿನ ಹೆಸರಿನಲ್ಲಿದ್ದುವು.

ನೆಮ್ಮದಿಯ ವರ್ಷಗಳು: 1977–1980

1977ರ ಮಾರ್ಚ್ 21ರಂದು ತುರ್ತು ಪರಿಸ್ಥಿತಿ ಕೊನೆಗೊಂಡಿತು. ಚುನಾವಣೆಯಿಂದ ಅಧಿಕಾರ ಬದಲಾಗಿ ಸಂಸ್ಥೆಯ ಮಿತ್ರರೇ ಮಂತ್ರಿಗಳಾದರು. ಮೀಸಾ ರದ್ದಾಯಿತು, ಪತ್ರಿಕಾ ಮಂಡಳಿಗೆ 1978ರ ಶಾಸನದಿಂದ ಪುನರ್ಜನ್ಮ ದೊರೆಯಿತು, 44ನೆಯ ತಿದ್ದುಪಡಿಯು ‘ಆಂತರಿಕ ಕ್ಷೋಭೆ’ ಎಂಬ ಸಡಿಲ ಕಾರಣವನ್ನು ತೆಗೆದು ‘ಸಶಸ್ತ್ರ ಬಂಡಾಯ’ವನ್ನಿರಿಸಿ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ಯಾವ ತುರ್ತಿನಲ್ಲಿಯೂ ಅಮಾನತಿನಲ್ಲಿಡಬಾರದೆಂದು ವಿಧಿಸಿತು. ಇನ್ನು ಕಾವಲೇಕೆ ಎಂಬ ಭಾವನೆ ಸಹಜವಾಗಿಯೇ ಹಬ್ಬಿತು. ಸಂಸ್ಥೆ ಬಹುಮಟ್ಟಿಗೆ ಮಂಕಾಯಿತು.

ಈ ಮಂಕುತನವನ್ನು ಮುಚ್ಚಿಡುವುದು ಸಂಚಿಕೆಗೆ ಶೋಭೆಯಲ್ಲ. 1936ರ ಸಂಸ್ಥೆಗೆ ಒದಗಿದ ವಿಧಿಯೇ ಇದಕ್ಕೂ ಒದಗುವುದರಲ್ಲಿದ್ದಿತು. ಹೊಸ ಸರಕಾರವೇ 1977ರಲ್ಲಿ ಮುನ್ನೆಚ್ಚರಿಕೆ ಬಂಧನವನ್ನು ಸಾಮಾನ್ಯ ದಂಡಪ್ರಕ್ರಿಯಾ ಸಂಹಿತೆಯೊಳಗೆ ಸೇರಿಸುವ ವಿಧೇಯಕವನ್ನು ತಂದು, ವಿರೋಧ ಬಲವಾದುದರಿಂದ ಹಿಂತೆಗೆದುಕೊಂಡಿತು. ಆದರೂ ಆ ಕಾಲದ ಒಂದು ಕಾರ್ಯ ಚಿರಸ್ಮರಣೀಯ. ಆಂಧ್ರಪ್ರದೇಶದಲ್ಲಿ ನಕ್ಸಲೀಯರೆನ್ನಲಾದ ತರುಣರನ್ನು ‘ಎನ್‌ಕೌಂಟರ್’ ಹೆಸರಿನಲ್ಲಿ ಕೊಂದ ಆಪಾದನೆಗಳ ಶೋಧನೆಗಾಗಿ ಜಯಪ್ರಕಾಶರು ತಾರ್ಕುಂಡೆಯವರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿದರು. ಹೈದರಾಬಾದಿನ ವಕೀಲ ಕೆ. ಜಿ. ಕಣ್ಣಬಿರಾನರು ಅದರಲ್ಲಿ ಹೆಗಲು ಕೊಟ್ಟರು. ಅಹಿಂಸಾವ್ರತಿಯಾದ ಸರ್ವೋದಯಿ, ಬಂದೂಕನ್ನು ನಂಬಿದವರ ಜೀವದ ಹಕ್ಕಿಗಾಗಿ ವಿಚಾರಣೆಯನ್ನು ಕೇಳಿದ ಆ ಸಂದರ್ಭದಲ್ಲಿಯೇ ಸಂಸ್ಥೆಯ ನಿಜವಾದ ಧರ್ಮ ನಿಶ್ಚಿತವಾಯಿತೆಂದು ನನ್ನ ಅಭಿಪ್ರಾಯ: ಸ್ವಂತ ಮತವನ್ನು ಒಪ್ಪುವವರ ಸ್ವಾತಂತ್ರ್ಯವನ್ನು ಕಾಯಲು ಯಾವ ಸಂಘವೂ ಬೇಕಾಗದು. ಜಯಪ್ರಕಾಶರು 1979ರ ಅಕ್ಟೋಬರ್ 8ರಂದು ನಿಧನರಾದರು.

ಪುನಃಸಂಘಟನೆ: 1980–1990

1980ರಲ್ಲಿ ಅಧಿಕಾರ ಮತ್ತೆ ಬದಲಾಗಿ, ರಾಷ್ಟ್ರೀಯ ಭದ್ರತಾ ಶಾಸನವು ಮೊದಲು ಸುಗ್ರೀವಾಜ್ಞೆಯಾಗಿಯೂ ಆಮೇಲೆ ಕಾನೂನಾಗಿಯೂ ಬಂದಿತು. ಅದೇ ವರ್ಷದ ನವೆಂಬರಿನಲ್ಲಿ ತಾರ್ಕುಂಡೆಯವರ ಪ್ರಯತ್ನದಿಂದ ಸಮ್ಮೇಳನ ಸೇರಿ, ನಿಯಮಾವಳಿ ಅಂಗೀಕೃತವಾಗಿ, ಸದಸ್ಯತ್ವದ ತಳಹದಿಯ ಮೇಲೆ ಸಂಸ್ಥೆಯು ಈಗಿನ ಹೆಸರಿನಿಂದ ಪುನರ್ನಿರ್ಮಿತವಾಯಿತು. ಸ್ವಾತಂತ್ರ್ಯದ ವ್ಯಾಪ್ತಿ ಎಷ್ಟು, ದುಡಿಯುವ ಜನರ ಹೋರಾಟದೊಡನೆ ಅದರ ಸಂಬಂಧವೇನು ಎಂಬ ವಿಚಾರಗಳಲ್ಲಿ ಹಿರಿಯರೊಳಗೆ ದೃಷ್ಟಿಭೇದಗಳಿದ್ದುವು. ದಿಲ್ಲಿಯ ಶಾಖೆಯವರು 1981ರಲ್ಲಿ ‘ಪೀಪಲ್ಸ್ ಯೂನಿಯನ್ ಫಾರ್ ಡೆಮೊಕ್ರಾಟಿಕ್ ರೈಟ್ಸ್’ (ಪಿ.ಯು.ಡಿ.ಆರ್.) ಎಂಬ ಹೆಸರಿನಿಂದ ತಮ್ಮದೇ ಹಾದಿಯಲ್ಲಿ ಮುಂದುವರಿದರು. ಅದು ಕಲಹವಲ್ಲ, ಕಾರ್ಯದ ವಿಭಾಗವಾಯಿತೆಂಬುದಕ್ಕೆ ಮೂರೇ ವರ್ಷಗಳಲ್ಲಿ ನಿದರ್ಶನ ದೊರೆಯಿತು: ಇಂದಿರಾ ಗಾಂಧಿಯವರ ಹತ್ಯೆಯ ತರುವಾಯ ದಿಲ್ಲಿಯಲ್ಲಿ ಸಿಖ್ಖರ ನರಮೇಧ ನಡೆದಾಗ, ಎರಡೂ ಸಂಸ್ಥೆಗಳ ಕಾರ್ಯಕರ್ತರು ಒಟ್ಟಿಗೆ ಸುಟ್ಟ ಬೀದಿಗಳಿಗೂ ನಿರಾಶ್ರಿತರ ಶಿಬಿರಗಳಿಗೂ ಹೋಗಿ ಸಾಕ್ಷ್ಯಗಳನ್ನು ಬರೆದುಕೊಂಡು, ಅದೇ 1984ರ ನವೆಂಬರಿನಲ್ಲಿ ‘ಹೂ ಆರ್ ದಿ ಗಿಲ್ಟಿ?’ ಎಂಬ ವರದಿಯನ್ನು ಜಂಟಿಯಾಗಿ ಹೊರತಂದರು. ಆಗ ಪಿ.ಯು.ಸಿ.ಎಲ್. ಅಧ್ಯಕ್ಷರಾಗಿದ್ದವರು ರಜನಿ ಕೊಠಾರಿ, ಪಿ.ಯು.ಡಿ.ಆರ್. ಅಧ್ಯಕ್ಷರು ಗೋವಿಂದ ಮುಖೋಟಿ. ಆಳುವ ಪಕ್ಷದ ಸ್ಥಳೀಯ ನಾಯಕರ ಹೆಸರುಗಳನ್ನು ಸಂತ್ರಸ್ತರು ಹೇಳಿದಂತೆಯೇ ಅಚ್ಚು ಮಾಡಿದ ಆ ತೆಳ್ಳನೆಯ ಪುಸ್ತಿಕೆ, ಸರಕಾರ ಮೌನವಾಗಿದ್ದ ದಿನಗಳಲ್ಲಿ ದೇಶದ ಮನಸ್ಸಾಕ್ಷಿಯ ದಾಖಲೆಯಾಯಿತು.

ಪತ್ರಿಕೆಗಳ ಮೇಲಿನ ಒತ್ತಡಗಳೂ ನಿಲ್ಲಲಿಲ್ಲ. 1982ರ ಬಿಹಾರ ಪತ್ರಿಕಾ ವಿಧೇಯಕ, 1988ರ ಮಾನನಷ್ಟ ವಿಧೇಯಕ ಇವೆರಡೂ ಪತ್ರಕರ್ತರ ಮತ್ತು ನಾಗರಿಕ ಸಂಘಟನೆಗಳ ದೇಶವ್ಯಾಪಿ ಪ್ರತಿಭಟನೆಗೆ ಮಣಿದು ಹಿಂತೆಗೆಯಲ್ಪಟ್ಟುವು. ಮಾನವಹಕ್ಕುಗಳ ವರದಿಗಾರಿಕೆಗಾಗಿ ಸಂಸ್ಥೆಯು ನೀಡುವ ಪ್ರಶಸ್ತಿಯು, ದೂರದ ಜಿಲ್ಲೆಗಳಲ್ಲಿ ಒಂಟಿಯಾಗಿ ಬರೆಯುವವರಿಗೆ ತಾವು ಒಂಟಿಯಲ್ಲವೆಂಬ ಭರವಸೆಯನ್ನಿತ್ತಿತು.

ನ್ಯಾಯಾಲಯದ ಮೆಟ್ಟಿಲುಗಳು: 1991–2022

ರಾಜಕಾರಣಿಗಳ ದೂರವಾಣಿಗಳನ್ನು ಕದ್ದು ಕೇಳಲಾಗುತ್ತಿದೆಯೆಂಬ ಸುದ್ದಿ ಬಯಲಾದಾಗ ಸಂಸ್ಥೆ ಸರ್ವೋಚ್ಚ ನ್ಯಾಯಾಲಯವನ್ನು ಸೇರಿತು. 1996ರ ಡಿಸೆಂಬರ್ 18ರ ತೀರ್ಪು ಖಾಸಗಿ ಸಂಭಾಷಣೆಯನ್ನು ನಾಗರಿಕನ ಮೂಲಭೂತ ಹಕ್ಕಿನ ಅಂಗವೆಂದು ಸಾರಿತು. ಗೃಹ ಕಾರ್ಯದರ್ಶಿಯ ಆಜ್ಞೆಯಿಲ್ಲದೆ ಕದ್ದಾಲಿಸಕೂಡದು, ಆಜ್ಞೆ ಎರಡು ತಿಂಗಳಿಗೆ ಮುಗಿಯಬೇಕು, ಮುಂದುವರಿಸಿದರೂ ಆರು ತಿಂಗಳು ಮೀರಬಾರದು, ಪ್ರತಿಯೊಂದನ್ನೂ ಸಮಿತಿ ಪರಿಶೀಲಿಸಬೇಕು ಎಂದು ಕಟ್ಟುಪಾಡು ಮಾಡಿತು. ತನಗೆ ಗುಟ್ಟಾಗಿ ಸುದ್ದಿ ಕೊಡುವವನನ್ನು ಕಾಪಾಡಬೇಕಾದ ವರದಿಗಾರನಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಮತ್ತೊಂದಿಲ್ಲ. ನಮ್ಮ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಅರ್ಜಿಯಲ್ಲಿ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸ್ಥಾಪಿಸಿ, ಬಂಧಿತರಿಗೆ ಬಾಗಿಲು ಮುಚ್ಚಿದ 1976ರ ಆ ಕರಾಳ ತೀರ್ಪನ್ನು ಸ್ಪಷ್ಟವಾಗಿ ತಳ್ಳಿಹಾಕಿತು.

2001ರಲ್ಲಿ ಆಹಾರದ ಹಕ್ಕಿನ ಮೊಕದ್ದಮೆಯನ್ನು ಹೂಡಿದಾಗ ಸಂಸ್ಥೆಯ ಧ್ಯೇಯಕ್ಷೇತ್ರ ಹಿಗ್ಗಿತು. ಶಾಲಾಮಕ್ಕಳ ಬಿಸಿಯೂಟಕ್ಕೆ ನ್ಯಾಯಾಲಯದ ಆಜ್ಞೆ ದೊರೆತದ್ದು ಅದರಿಂದ. ಮತಯಂತ್ರದಲ್ಲಿ ‘ನೋಟಾ’ ಗುಂಡಿ ಬಂದದ್ದು 2013ರ ತೀರ್ಪಿನಿಂದ. ಎನ್‌ಕೌಂಟರ್ ನಡೆದಲ್ಲಿ ಎಫ್‌ಐಆರ್ ದಾಖಲಿಸಬೇಕು, ಸ್ವತಂತ್ರ ತನಿಖೆಯಾಗಬೇಕು ಎಂಬ ನಿಯಮಗಳು 2014ರಲ್ಲಿ ಬಂದುವು. ಆಂಧ್ರದ ತರುಣರಿಗಾಗಿ 1977ರಲ್ಲಿ ಕೇಳಿದ ಪ್ರಶ್ನೆಗೆ ಅಷ್ಟು ವರ್ಷಗಳ ಮೇಲೆ ಸಿಕ್ಕ ಉತ್ತರವದು. ಕರ್ನಾಟಕ ಶಾಖೆಯು 2001 ಮತ್ತು 2003ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲೂ, 2009ರಲ್ಲಿ ದಕ್ಷಿಣ ಕನ್ನಡದ ಸಾಂಸ್ಕೃತಿಕ ಪೊಲೀಸ್‌ಗಿರಿಯ ಮೇಲೂ ಹೊರತಂದ ವರದಿಗಳು, ಬೇರೆಯವರು ಮಾತನಾಡಲು ಹಿಂಜರಿದ ವಿಷಯಗಳನ್ನು ಎತ್ತಿಕೊಂಡುವು.

ಜಯ ಎಲ್ಲೆಲ್ಲಿಯೂ ಸಿಕ್ಕಲಿಲ್ಲ. ಭಯೋತ್ಪಾದನೆಯನ್ನು ತಡೆಯುವ ‘ಪೋಟಾ’ ಶಾಸನವನ್ನು ಪ್ರಶ್ನಿಸಿದಾಗ 2003ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮರುವರ್ಷ ಸಂಸತ್ತು ಅದನ್ನು ರದ್ದುಪಡಿಸಿದರೂ ಅದರ ಕಠಿಣ ಉಪಬಂಧಗಳು ಕಾನೂನುಬಾಹಿರ ಚಟುವಟಿಕೆ ತಡೆ ಶಾಸನವಾದ ಯು.ಎ.ಪಿ.ಎ.ಯೊಳಗೆ ಸೇರಿಕೊಂಡುವು. ಅಂತರ್ಜಾಲದ ಮಾತಿಗೆ ಸೆರೆ ವಿಧಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಶಾಸನದ 66ಎ ಕಲಮು 2015ರ ಮಾರ್ಚ್ 24ರಂದು ಅಸಿಂಧುವಾಯಿತು. ಆದರೆ ಠಾಣೆಗಳಲ್ಲಿ ಅದೇ ಕಲಮಿನಡಿ ಮೊಕದ್ದಮೆಗಳು ದಾಖಲಾಗುತ್ತಲೇ ಇರುವುದನ್ನು ಸಂಸ್ಥೆಯು ಮತ್ತೆ ನ್ಯಾಯಾಲಯದ ಗಮನಕ್ಕೆ ತರಬೇಕಾಯಿತು. ಆ ಕಲಮನ್ನು ಮುದ್ರಿಸುವ ಪುಸ್ತಕಗಳಲ್ಲಿ ಅದು ಅಸಿಂಧುವೆಂದು ಓದುಗರಿಗೆ ತಿಳಿಸಲೇಬೇಕೆಂದು 2022ರಲ್ಲಿ ಆಜ್ಞೆಯಾಯಿತು.

ಕಾವಲುಗಾರರೇ ಬಂಧಿತರಾದಾಗ: 2007ರಿಂದ

2007ರ ಮೇ 14ರಂದು ಸಂಸ್ಥೆಯ ಉಪಾಧ್ಯಕ್ಷರೂ ಛತ್ತೀಸಗಢದ ಬಡವರ ಮಕ್ಕಳ ವೈದ್ಯರೂ ಆಗಿದ್ದ ಡಾ. ವಿನಾಯಕ ಸೇನ್ ಬಿಲಾಸಪುರದಲ್ಲಿ ಬಂಧಿತರಾದರು. ಮಾವೋವಾದಿಗಳಿಗೆ ನೆರವಾದರೆಂಬುದು ಆಪಾದನೆ. 2010ರ ಡಿಸೆಂಬರ್ 24ರಂದು ರಾಜದ್ರೋಹಕ್ಕಾಗಿ ಆಜೀವ ಶಿಕ್ಷೆಯಾಯಿತು. 2011ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯ ಜಾಮೀನು ನೀಡುತ್ತ, ಒಂದು ಪಂಥದ ಸಾಹಿತ್ಯವನ್ನು ಮನೆಯಲ್ಲಿಟ್ಟುಕೊಂಡ ಮಾತ್ರಕ್ಕೆ ಮನುಷ್ಯನು ಆ ಪಂಥದವನಾಗುವುದಿಲ್ಲವೆಂಬ ಸರಳ ಸತ್ಯವನ್ನು ನೆನಪಿಸಬೇಕಾಯಿತು. 2018ರ ಆಗಸ್ಟಿನಲ್ಲಿ ಸಂಸ್ಥೆಯ ಮತ್ತೊಬ್ಬ ಪದಾಧಿಕಾರಿ, ಕಾರ್ಮಿಕರ ವಕೀಲೆ ಸುಧಾ ಭಾರದ್ವಾಜರು ಮಹಾರಾಷ್ಟ್ರದ ಭೀಮಾ ಕೋರೆಗಾಂವಿನ ಗಲಭೆಗೆ ಸಂಬಂಧಿಸಿದ ಪ್ರಕರಣದಲ್ಲಿ ಸೆರೆಯಾದರು. ಮೂರು ವರ್ಷಗಳಿಗೂ ಮೇಲ್ಪಟ್ಟು ಒಳಗಿದ್ದ ಅವರಿಗೆ 2021ರ ಡಿಸೆಂಬರಿನಲ್ಲಿ ಬಿಡುಗಡೆಯಾದದ್ದು, ತನಿಖೆಯ ಅವಧಿಯನ್ನು ವಿಸ್ತರಿಸಿದ ನ್ಯಾಯಾಲಯಕ್ಕೆ ಆ ಅಧಿಕಾರವೇ ಇರಲಿಲ್ಲವೆಂಬ ಕಾರಣದಿಂದ. ಅದೇ ಪ್ರಕರಣದ ಪಾದ್ರಿ ಸ್ಟ್ಯಾನ್ ಸ್ವಾಮಿಯವರು ತುರ್ತು ಪರಿಸ್ಥಿತಿಯ ಕಾಲದಲ್ಲಿ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು. ಪಾರ್ಕಿನ್ಸನ್ ರೋಗದಿಂದ ಕೈ ನಡುಗಿ ಲೋಟ ಹಿಡಿಯಲಾರದೆ, ನೀರು ಕುಡಿಯಲು ಒಂದು ಕೊಳವೆಗಾಗಿ ಅವರು ನ್ಯಾಯಾಲಯಕ್ಕೆ ಅರ್ಜಿ ಬರೆಯಬೇಕಾಯಿತು. 2021ರ ಜುಲೈ 5ರಂದು, ಜಾಮೀನಿನ ಮನವಿ ಇತ್ಯರ್ಥವಾಗುವ ಮುನ್ನವೇ, ಬಂದಿಯಾಗಿಯೇ ಮರಣಹೊಂದಿದರು. ಸ್ನೇಹಲತಾ ರೆಡ್ಡಿಯವರಿಗೂ ಸ್ಟ್ಯಾನ್ ಸ್ವಾಮಿಯವರಿಗೂ ನಡುವೆ ನಲವತ್ತನಾಲ್ಕು ವರ್ಷಗಳ ಅಂತರವಿದೆ. ಅಧಿಕಾರದಲ್ಲಿದ್ದ ಪಕ್ಷಗಳೂ ಬೇರೆ. ರೋಗಿಯಾದ ಬಂದಿಯ ಬಗೆಗೆ ಪ್ರಭುತ್ವ ತೋರಿದ ಕಾಠಿಣ್ಯದಲ್ಲಿ ಮಾತ್ರ ಭೇದವನ್ನು ಕಾಣಲಾರೆವು.

ಪತ್ರಕರ್ತರ ವಿಷಯದಲ್ಲಿಯೂ ಹಾಗೆಯೇ. ದಲಿತ ತರುಣಿಯೊಬ್ಬಳ ಸಾವಿನ ಬಗೆಗೆ ವರದಿ ಮಾಡಲು ಉತ್ತರಪ್ರದೇಶದ ಹಾಥರಸಕ್ಕೆ ಹೊರಟಿದ್ದ ಕೇರಳದ ಸಿದ್ದೀಕ್ ಕಪ್ಪನ್ 2020ರ ಅಕ್ಟೋಬರಿನಲ್ಲಿ ದಾರಿಯಲ್ಲಿಯೇ ಬಂಧಿತರಾಗಿ, ಹೊರಬಂದದ್ದು 2023ರ ಫೆಬ್ರವರಿಯಲ್ಲಿ. ‘ನ್ಯೂಸ್‌ಕ್ಲಿಕ್’ ಸಂಪಾದಕ ಪ್ರಬೀರ್ ಪುರಕಾಯಸ್ಥರ ಬಂಧನವು, ಕಾರಣಗಳನ್ನು ಬರಹದಲ್ಲಿ ಕೊಡಲಿಲ್ಲವಾದ್ದರಿಂದ ಅಸಿಂಧುವೆಂದು 2024ರ ಮೇ 15ರಂದು ತೀರ್ಮಾನವಾಯಿತು. ತುರ್ತು ಪರಿಸ್ಥಿತಿಯ ಸೆನ್ಸಾರ್ ಅಧಿಕಾರಿ ಈಗಿಲ್ಲ, ನಿಜ. ಆದರೆ 2008ರ ತಿದ್ದುಪಡಿಯ ನಂತರ ಯು.ಎ.ಪಿ.ಎ. ಪ್ರಕಾರ, ಆಪಾದನೆ ಮೇಲ್ನೋಟಕ್ಕೆ ನಿಜವೆಂದು ತೋರಿದರೆ ಸಾಕು, ಜಾಮೀನು ದೊರೆಯದು. ಆರೋಪಪಟ್ಟಿಗೆ 180 ದಿನಗಳವರೆಗೆ ಕಾಲಾವಕಾಶವುಂಟು. ವಿಚಾರಣೆಯ ವಿಳಂಬವೇ ಶಿಕ್ಷೆಯಾಗಿ ಪರಿಣಮಿಸಿದಾಗ ಅಪರಾಧವನ್ನು ಸಾಬೀತುಪಡಿಸುವ ಅಗತ್ಯವೇ ಬೀಳುವುದಿಲ್ಲ. ರಾಜದ್ರೋಹದ ಕಲಮನ್ನು 2022ರ ಮೇ 11ರಂದು ಸರ್ವೋಚ್ಚ ನ್ಯಾಯಾಲಯ ತಡೆಹಿಡಿಯಿತು; 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯಸಂಹಿತೆಯ 152ನೆಯ ಕಲಮು, ಆ ಹೆಸರನ್ನು ಬಿಟ್ಟು, ಹೆಚ್ಚುಕಡಮೆ ಅದೇ ಕೆಲಸಕ್ಕೆ ಬಂದಿದೆ.

ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹ ಈಗ ‘ಫ್ರೀಡಂ ಪಾರ್ಕ್’. ನಗರದ ಪ್ರತಿಭಟನೆಗಳೆಲ್ಲ ಆ ಆವರಣದೊಳಗೇ ನಡೆಯಬೇಕೆಂಬುದು ಸರಕಾರದ ಕಟ್ಟಳೆ. ಊರಿನ ಬೀದಿಯಲ್ಲಿ ನಿಂತು ಅಸಮ್ಮತಿ ಸೂಚಿಸುವ ಹಕ್ಕನ್ನು ಮರಳಿ ಕೇಳುವುದು ಕರ್ನಾಟಕ ಶಾಖೆಯ ಮುಂದಿನ ಕಾರ್ಯಗಳಲ್ಲೊಂದಾಗಲೇಬೇಕು.

ಈ ಸಂಚಿಕೆ ತಾಲ್ಲೂಕು ಕೇಂದ್ರಗಳ ವಕೀಲರ, ಅಧ್ಯಾಪಕರ, ಪತ್ರಿಕಾ ಏಜೆಂಟರ ಕೈಗೂ ತಲಪುವುದೆಂಬ ವಿಶ್ವಾಸ ನಮಗಿದೆ. ಸಂಸ್ಥೆಯ ಹೆಸರು ಕೇಳಿದೊಡನೆ ದಿಲ್ಲಿಯ ನ್ಯಾಯಾಲಯವನ್ನು ನೆನೆಯುವುದು ರೂಢಿ. ಆದರೆ ಮರಳು ಸಾಗಣೆಯ ಮೇಲೆ ಬರೆದ ವರದಿಗಾರನನ್ನೋ, ಭೂಸ್ವಾಧೀನವನ್ನು ವಿರೋಧಿಸಿದ ರೈತನನ್ನೋ ಠಾಣೆಗೆ ಕರೆದಾಗ ಮೊದಲ ಒಂದು ಗಂಟೆಯಲ್ಲಿ ಅವನ ಪಕ್ಕದಲ್ಲಿ ನಿಲ್ಲಬೇಕಾದವರು ಆ ಊರಿನವರೇ. ಬಂಧನದ ಕಾರಣವನ್ನು ಬರಹದಲ್ಲಿ ಕೇಳುವುದಕ್ಕೂ, ಬಂಧಿತನ ಮನೆಯವರಿಗೆ ಸುದ್ದಿ ಮುಟ್ಟಿಸುವುದಕ್ಕೂ, ಇಪ್ಪತ್ತನಾಲ್ಕು ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವಂತೆ ನೋಡಿಕೊಳ್ಳುವುದಕ್ಕೂ ದೊಡ್ಡ ಪಾಂಡಿತ್ಯ ಬೇಕಿಲ್ಲ. ಸದಸ್ಯತ್ವಕ್ಕೆ ಪಕ್ಷದ ಅಡ್ಡಿಯಿಲ್ಲ. ಪ್ರತಿಯೊಂದು ತಾಲ್ಲೂಕಿನಿಂದಲೂ ಕನಿಷ್ಠ ಐದು ಮಂದಿ ಈ ವರ್ಷ ಸದಸ್ಯರಾಗಬೇಕೆಂದು ಓದುಗರಲ್ಲಿ ನಮ್ಮ ವಿಜ್ಞಾಪನೆ.